ಕಿರ್ದಿ ನಿಮ್ಮ ಕೈಯಾಗ ಇರ್ಲಿ (ಭಾಗ 4)

ದೋಸ್ತರ, ಬಿಕಾಂ ಓದೋರಿಗೆ ಸರ್ವರ್ ಕಾಯೋ ಕೆಲಸ ಯಾಕ ಅಂತ ಭಾಳ ಮಂದಿ ಕೇಳಿದ್ರಿ. ಯಾಕಂದ್ರ ಲಾಗ್ ಅನ್ನೂದು ಕಿರ್ದಿನ. ಯಾರು ಬಂದ್ರು, ಎಷ್ಟೊತ್ತಿಗೆ ಬಂದ್ರು, ಏನು ಕೇಳಿದ್ರು, ಒಳಗ ಬಿಟ್ಟಿವೋ ಇಲ್ಲೋ. ಇದನ್ನ ಓದಾಕ ನಮಗಿಂತ ಬ್ಯಾರೆ ಯಾರು ಬೇಕು?

2025ರ ಜನವರಿಯಾಗ ಕಾವೇರಿ 2.0 ಕೈಕೊಟ್ಟು ಆಸ್ತಿ ನೋಂದಣಿ ನಿಂತಿದ್ದು ನೆನಪೈತಲ್ಲ? ಮಂದಿ ಬಾಯಾಗ ಅದು ಬರೇ ‘ಸರ್ವರ್ ಡೌನ್’. ದಾಖಲೆ ತೆಗೆದು ನೋಡಿದಾಗ ಕಂಡದ್ದು ಬ್ಯಾರೆ: ಎರಡು ತಾಸಿನಾಗ 6.2 ಲಕ್ಷ ಸುಳ್ಳು ಕೋರಿಕೆ, 62 ಇಮೇಲ್ ಖಾತೆ, 14 ಐಪಿ ವಿಳಾಸ. ಕಿರ್ದಿ ಇಲ್ದಿದ್ರ ಪೊಲೀಸರ ಮುಂದ ಏನಂತ ಹೇಳ್ತಿದ್ರು?

ಫ್ರೀ ಕ್ಲೌಡ್ ಸೇವೆ ಇರುವಾಗ ಸ್ವಂತದ್ದು ಯಾಕ ಅಂತೀರಿ. ಬ್ಯಾಡಗಿ ಪೇಟ್ಯಾಗ ಅಡತಿ ಅಂಗಡಿ ಸಾವ್ಕಾರ್ರು ತಮ್ಮ ಕಿರ್ದಿ ಪುಸ್ತಕ ಮಂದಿ ಅಂಗಡ್ಯಾಗ ಇಟ್ಟು ಮನಿಗೆ ಹೋಗ್ತಾರೇನು? ಲಾಗ್‌ನಾಗ ಗಿರಾಕಿಗಳ ಐಪಿ, ಕೆಲಸದವರ ಯೂಸರ್‌ನೇಮ್ ಎಲ್ಲಾ ಇರ್ತಾವ.

ನಾನು ಹೇಳೂದು ವಾಜೂ. ಉಚಿತ, ಓಪನ್ ಸೋರ್ಸ್. ಡಾಕರ್‌ನಾಗ ಮೂರು ಕಂಟೇನರ್: ಮ್ಯಾನೇಜರ್, ಇಂಡೆಕ್ಸರ್, ಡ್ಯಾಶ್‌ಬೋರ್ಡ್. ನಮ್ಮ ಗಳಗನಾಥದಾಗ ವರದಾ ಬಂದು ತುಂಗಭದ್ರಾ ಕೂಡಿದಂಗ, ಎಲ್ಲಾ ಮಷಿನ್‌ಗಳ ಲಾಗ್ ಇಲ್ಲಿ ಬಂದು ಕೂಡ್ತಾವ. 8 ಜಿಬಿ ರ‍್ಯಾಮ್ ಬೇಕು, ಅದರಾಗ ಚೌಕಾಸಿ ಇಲ್ಲ. ಕರೆಂಟ್ ಹೋದಾಗ ಕಿರ್ದಿನೂ ನಿಲ್ತೈತಿ, ಯುಪಿಎಸ್ ಇದ್ರ ಚಲೋ.

ಆದ್ರ ಬರೇ ಹಾಕಿ ಬಿಡಬ್ಯಾಡ್ರಿ. ಅಡ್ಮಿನ್ ಪಾಸ್‌ವರ್ಡ್ ‘ಸೀಕ್ರೆಟ್‌ಪಾಸ್‌ವರ್ಡ್’ ಅಂತನ ಬಂದಿರ್ತೈತಿ (ಜಗತ್ತಿಗೆಲ್ಲಾ ಗೊತ್ತಿರೋ ಸೀಕ್ರೆಟ್!), ಮೊದಲು ಅದನ್ನ ಬದಲಿಸ್ರಿ. ಯುಎಫ್‌ಡಬ್ಲ್ಯು ಫೈರ್‌ವಾಲ್ ಐತಿ ಅಂತ ನಂಬಿ ಕೂಡಬ್ಯಾಡ್ರಿ, ಡಾಕರ್ ತೆರೆದ ಪೋರ್ಟ್ ಅದನ್ನ ದಾಟಿ ಹೋಗ್ತೈತಿ. ಅದಕ್ಕ ಡ್ಯಾಶ್‌ಬೋರ್ಡ್ ಪೋರ್ಟ್ 127.0.0.1ಕ್ಕ ಕಟ್ರಿ. ಕಂಟೇನರ್ ಅಂದ್ರ ಗುಮಾಸ್ತ, ವಾಲ್ಯೂಮ್ ಅಂದ್ರ ಪುಸ್ತಕ. ಗುಮಾಸ್ತ ಬದಲಾದ್ರ ನಡೀತೈತಿ. ‘ಡಾಕರ್ ಕಂಪೋಸ್ ಡೌನ್’ ಬರೆದು ಮುಂದ ‘-ವಿ’ ಹಚ್ಚಿದ್ರೋ, ಪುಸ್ತಕಾನೂ ಹೋತು.

ಇದು ಹವ್ಯಾಸದ ಮಾತಷ್ಟ ಅಲ್ಲ. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಕಂಪನಿಗಳು 180 ದಿನದ ಲಾಗ್ ಇಟ್ಟಿರಬೇಕು, ದಾಳಿ ಗೊತ್ತಾದ 6 ತಾಸಿನಾಗ ವರದಿ ಮಾಡಬೇಕು. ನಾಳೆ ಆಡಿಟ್‌ಗೆ ಹೋದಾಗ ‘ಲಾಗ್ ಎಲ್ಲೈತ್ರಿ?’ ಅಂತ ಕೇಳೋರು ನಾವ. ನಮ್ಮ ಸಿಲೆಬಸ್ ಇನ್ನೂ ಟ್ಯಾಲಿ ಹತ್ರನ ಐತಿ, ಇರ್ಲಿ.

ಯಾರ ಮನ್ಯಾಗ 8 ಜಿಬಿಯ ಹಳೇ ಕಂಪ್ಯೂಟರ್ ಧೂಳು ತಿನ್ನಾಕತ್ತೈತಿ? ಕಮೆಂಟ್ ಹಾಕ್ರಿ. ಭಾಗ 5ರಾಗ ಅದಕ್ಕ ಏಜೆಂಟ್ ಜೋಡಿಸೂದು ತೋರಿಸ್ತೀನಿ.

#ಗಳಗನಾಥ #ಹಾವೇರಿ #ಬಿಕಾಂಹುಡುಗ್ರು