ಅನುದಾನವು ಮೊದಲು ಯಾವ ಓಣಿಗೆ?

ಮನೆಪಟ್ಟಿ ಕಟ್ಟಲಾರದ ಓಣಿಗೆ ಗಟಾರವೇಕೆ ಎಂದು ಕೆಲವು ಪ್ರತಿಷ್ಠಿತರು ಕೇಳುವುದುಂಟು. ಈ ಪ್ರಶ್ನೆಯೇ ನ್ಯಾಯಕ್ಕೆ ದೂರವಾದುದು. 2020ರ ಮಹಾಮಾರಿಯಲ್ಲಿ ಮಗ್ಗಗಳು ಸ್ತಬ್ಧವಾದಾಗ ಬೆಟಗೇರಿಯ ನೇಕಾರರಿಗೊದಗಿದ ದೈನ್ಯವನ್ನು ಊರೇ ಕಂಡಿದೆ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗೆ ಇಂಥ ನಗರಗಳಿಗಿತ್ತ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಿರಿಸಿತು. ಆ ಹಣವು ಮನೆಪಟ್ಟಿಯದಲ್ಲ, ದೇಶದ ಬೊಕ್ಕಸದ್ದು. ಸಾಬೂನು ಕೊಳ್ಳುವ ನೇಕಾರನೂ ಆ ಬೊಕ್ಕಸವನ್ನು ತುಂಬಿದವನೇ. ಮೇಲಾಗಿ, ಕೊಳೆನೀರಿನ ಸೊಳ್ಳೆಯು ಪಟ್ಟಿಯ ರಸೀದಿಯನ್ನು ನೋಡಿ ಕಚ್ಚುವುದಿಲ್ಲ. ಔಷಧವು ರೋಗವುಳ್ಳ ಅಂಗಕ್ಕಲ್ಲವೇ? ಆದುದರಿಂದ ಗದಗ-ಬೆಟಗೇರಿ ನಗರಸಭೆಯೂ, ಅಂತೆಯೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪೌರಸಂಸ್ಥೆಗಳೂ ಇನ್ನು ಬರುವ ಅನುದಾನವನ್ನು ಬಡವರ ಓಣಿಯಿಂದಲೇ ವ್ಯಯಿಸಲಾರಂಭಿಸಲಿ. ರಾಜಬೀದಿಯ ಅಲಂಕಾರವು ಆ ಬಳಿಕ. ವಾಚಕರು ತಂತಮ್ಮ ವಾರ್ಡಿನ ಸದಸ್ಯರನ್ನು ಇದನ್ನೇ ಕೇಳತಕ್ಕದ್ದು.