ಹಿಮದ ಹಾದಿಗೆ ಸೇನೆಯ ಹಳೆಯ ಲಾರಿ

ಅಮೆರಿಕದ ಉತ್ತರದ ರಾಜ್ಯಗಳಲ್ಲಿ, ಅದರಲ್ಲೂ ಮಿಷಿಗನ್, ಮಿನೆಸೋಟ, ಮೇನ್‌ಗಳ ಹಳ್ಳಿಗಾಡಿನಲ್ಲಿ, ವರ್ಷದ ನಾಲ್ಕೈದು ತಿಂಗಳು ಹಿಮದೊಡನೆ ಬಾಳುವೆ ಮಾಡಬೇಕಾದವರಲ್ಲಿ ಕೆಲವರಿಗೆ ಒಂದು ಯೋಚನೆ ಬರುವುದುಂಟು. ಸೇನೆ ತನಗೆ ಬೇಡವೆಂದು ಹರಾಜಿಗಿಡುವ ಲಾರಿಗಳು ಅನೇಕ ವೇಳೆ ಒಂದು ಹಳೆಯ ಕಾರಿನ ಬೆಲೆಗೇ ಸಿಗುತ್ತವೆ. ಅವು ಕೆಸರು, ಮರಳು, ಹೊಳೆ, ಹಿಮ ಎಲ್ಲವನ್ನೂ ದಾಟಲೆಂದೇ ಕಟ್ಟಿದವು. ಹೀಗಿರುವಾಗ ದುಬಾರಿ ಪಿಕಪ್ ವಾಹನವೊಂದಕ್ಕೆ ಸಾಲ ಮಾಡುವುದಕ್ಕಿಂತ ಇಂಥ ಲಾರಿಯನ್ನೇ ಚಳಿಗಾಲದ ವಾಹನವಾಗಿ ಇಟ್ಟುಕೊಳ್ಳುವುದು ಜಾಣತನವಲ್ಲವೇ ಎಂಬುದು ಆ ಯೋಚನೆ. ಇದನ್ನು ಬರಿಯ ಹುಚ್ಚು ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಇದರ ಹಿಂದೆ ಒಂದು ಸಾಮಾನ್ಯ ಪ್ರಶ್ನೆ ಅಡಗಿದೆ: ಯಂತ್ರವೊಂದರ ಸಾಮರ್ಥ್ಯ ಆ ಯಂತ್ರದೊಳಗೇ ಇರುತ್ತದೆಯೋ, ಅಥವಾ ಅದನ್ನು ನಡೆಸಿ ಕಾಪಾಡುವ ವ್ಯವಸ್ಥೆಯಲ್ಲೂ ಹಂಚಿಹೋಗಿರುತ್ತದೆಯೋ?

ಸೇನೆಯ ಲಾರಿಗೂ ಚಳಿಗಾಲದ ರಸ್ತೆಗೂ ಇರುವ ನಂಟು ನೂರು ವರ್ಷಕ್ಕಿಂತ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ರೈಲುಮಾರ್ಗಗಳು ಸರಕಿನ ಒತ್ತಡದಿಂದ ಕಟ್ಟಿಕೊಂಡಾಗ, ಯುರೋಪಿಗೆ ಹೋಗಬೇಕಾದ ಲಾರಿಗಳನ್ನು ರಸ್ತೆಯ ಮೇಲೆಯೇ ಓಡಿಸಿಕೊಂಡು ಬಂದರಿಗೆ ತಲುಪಿಸಲು ಸೇನೆ ನಿರ್ಧರಿಸಿತು. 1917ರ ಡಿಸೆಂಬರಿನಲ್ಲಿ ಒಹಾಯೋದ ಟೊಲೀಡೋ ಕಡೆಯಿಂದ ಬಾಲ್ಟಿಮೋರಿನತ್ತ ಮೊದಲ ಸಾಲು ಹೊರಟಾಗ, ಆಲಿಗೆನಿ ಬೆಟ್ಟಗಳನ್ನು ಹಾಯುವ ಲಿಂಕನ್ ಹೆದ್ದಾರಿಯ ಹಿಮವನ್ನು ಸರಿಸಿ ಹಾದಿಯನ್ನು ತೆರೆದಿಡುವ ಹೊಣೆಯನ್ನು ಪೆನ್ಸಿಲ್ವೇನಿಯ ರಾಜ್ಯ ಹೊತ್ತುಕೊಂಡಿತು. ಯುದ್ಧ ಮುಗಿದ ಮೇಲೆ ಉಳಿದ ಸಾವಿರಾರು ಲಾರಿಗಳು ರಾಜ್ಯಗಳ ಹೆದ್ದಾರಿ ಇಲಾಖೆಗಳ ಪಾಲಾಗಿ, ರಸ್ತೆ ಕಟ್ಟುವುದಕ್ಕೂ ಹಿಮ ನೂಕುವುದಕ್ಕೂ ಬಳಕೆಯಾದವು. ಆ ಲಾರಿಗಳು ಬೆಟ್ಟ ದಾಟಿದ್ದು ತಮ್ಮ ಬಲವೊಂದರಿಂದಲೇ ಅಲ್ಲ. ಮುಂದೆ ಯಾರೋ ಹಿಮ ಸರಿಸುತ್ತಿದ್ದರು. ಯುದ್ಧಾನಂತರ ಅವು ಸೇರಿದ್ದು ಕೂಡ ಹಿಮ ಸರಿಸುವವರ ಕೈಯನ್ನೇ.

ಸೇನೆಯ ಹೆಚ್ಚುವರಿ ಸಾಮಾನಿನ ವಿಲೇವಾರಿ 1944ರ ಹಾಗೂ 1949ರ ಕಾಯಿದೆಗಳಿಂದ ಒಂದು ಕ್ರಮಕ್ಕೆ ಬಂದಿತು. ಒಂದು ವಿಭಾಗಕ್ಕೆ ಬೇಡವಾದ ವಸ್ತುವನ್ನು ಮೊದಲು ಸರ್ಕಾರದ ಬೇರೆ ವಿಭಾಗಗಳಿಗೆ, ಆಮೇಲೆ ರಾಜ್ಯಗಳಿಗೂ ಅರ್ಹ ಸಾರ್ವಜನಿಕ ಸಂಸ್ಥೆಗಳಿಗೂ ನೀಡಲು ಮುಂದಾಗಿ, ಅವರೆಲ್ಲರೂ ಒಲ್ಲೆವೆಂದ ಬಳಿಕವೇ ಸಾರ್ವಜನಿಕರಿಗೆ ಮಾರಬೇಕೆಂಬುದು ಇದರ ಸಾರ. ಈ ಕೆಲಸವನ್ನು ಈಗ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನಲ್ಲಿ ಕೇಂದ್ರ ಕಚೇರಿಯಿರುವ ರಕ್ಷಣಾ ಸಾಮಗ್ರಿ ವಿಲೇವಾರಿ ವಿಭಾಗ ನಡೆಸುತ್ತದೆ. ಎಂದರೆ ಹರಾಜಿನ ಅಂಗಳಕ್ಕೆ ಬಂದು ನಿಂತ ಲಾರಿಯನ್ನು ಅಷ್ಟರಲ್ಲಾಗಲೇ ಹಲವರು ನೋಡಿ ಬಿಟ್ಟಿರಬಹುದು ಎಂಬುದನ್ನು ಕೊಳ್ಳುವವರು ಮರೆಯಬಾರದು.

ಈ ಮಾರುಕಟ್ಟೆಯಲ್ಲಿ ಬಹುಕಾಲ ಹೆಸರು ಮಾಡಿರುವುದು ಎಂ35 ಎಂಬ ಎರಡೂವರೆ ಟನ್ನಿನ ಲಾರಿ. ಮಿಷಿಗನ್‌ನ ಲ್ಯಾನ್ಸಿಂಗ್ ನಗರದ ರಿಯೋ ಕಂಪನಿ 1950ರ ಸುಮಾರಿಗೆ ರೂಪಿಸಿದ ಈ ಲಾರಿ, ಮುಂದೆ ಬೇರೆ ಕಂಪನಿಗಳ ಕೈಯಲ್ಲೂ ದಶಕಗಳ ಕಾಲ ತಯಾರಾಗಿ, ಕೊರಿಯಾದಿಂದ ವಿಯೆಟ್ನಾಂವರೆಗೆ ದುಡಿಯಿತು. ಎರಡೂವರೆ ಟನ್ ಎಂಬುದು ರಸ್ತೆಯಿಲ್ಲದ ನೆಲದಲ್ಲಿ ಅದು ಹೊರಬಹುದಾದ ಭಾರವೇ ಹೊರತು ಅದರ ಸ್ವಂತ ತೂಕವಲ್ಲ. ಖಾಲಿ ಲಾರಿಯೇ ಸುಮಾರು 6 ಟನ್ ತೂಗುತ್ತದೆ. ಮುಂದಿನ ಒಂದು ಮತ್ತು ಹಿಂದಿನ ಎರಡು, ಹೀಗೆ ಮೂರು ಅಚ್ಚುಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ, ಹಿಂದೆ ಜೋಡಿ ಟೈರುಗಳಿರುವುದರಿಂದ ಒಟ್ಟು ಹತ್ತು ಟೈರುಗಳು ನೆಲ ಮುಟ್ಟುತ್ತವೆ. ಎ2 ಎಂಬ ಮಾದರಿಯಲ್ಲಿರುವ 7.8 ಲೀಟರಿನ ಬಹು ಇಂಧನ ಎಂಜಿನ್, ಅಂದರೆ ಡೀಸೆಲ್ ಸಿಗದ ಕಡೆ ಜೆಟ್ ಇಂಧನದಂಥ ಬೇರೆ ಇಂಧನಗಳಲ್ಲೂ ಓಡಬಲ್ಲ ಎಂಜಿನ್, ಸುಮಾರು 130ರಿಂದ 140 ಅಶ್ವಶಕ್ತಿಯನ್ನಷ್ಟೇ ಕೊಡುತ್ತದೆ. ಗಂಟೆಗೆ 90 ಕಿಲೋಮೀಟರ್ ಅದರ ವೇಗದ ಕೊನೆ; ಒಂದು ಲೀಟರಿಗೆ ಅದು ಓಡುವುದು ಹೆಚ್ಚೆಂದರೆ ನಾಲ್ಕು ಕಿಲೋಮೀಟರಿನ ಆಸುಪಾಸು.

ಮೊಣಕಾಲುದ್ದದ ಹೊಸ ಹಿಮವನ್ನು ಸೀಳಿಕೊಂಡು ಹೋಗುವುದರಲ್ಲಿ ಇಂಥ ಲಾರಿಗೆ ಸಾಟಿಯಾಗುವ ವಾಹನಗಳು ಕಡಮೆ ಎಂಬುದನ್ನು ಒಪ್ಪಬೇಕು. ನೆಲದಿಂದ ಎತ್ತರವಾಗಿರುವ ಚಾಸಿ, ದೊಡ್ಡ ಚಕ್ರ, ಕಡಮೆ ವೇಗದ ಗೇರುಗಳು, ಭಾರ ಇವೆಲ್ಲ ಸೇರಿ ಆ ಗುಣವನ್ನು ಕೊಡುತ್ತವೆ, ಅದರ ಬಗ್ಗೆ ಹೇಳುವ ಹೊಗಳಿಕೆಯೆಲ್ಲ ಈ ಮಟ್ಟಿಗೆ ನಿಜ. ಆದರೆ ಚಳಿಗಾಲದ ಸಂಚಾರದಲ್ಲಿ ಆಳವಾದ ಹಿಮ ಎದುರಾಗುವುದು ಅಪರೂಪಕ್ಕೆ. ದಿನದಿನವೂ ಎದುರಾಗುವುದು ಇಲಾಖೆಯ ವಾಹನ ಹಿಮ ನೂಕಿ ಹೋದ ಮೇಲೆ ಉಳಿಯುವ, ಗಾಜಿನಂತೆ ನುಣುಪಾದ ಮಂಜುಗಡ್ಡೆಯ ಪದರ. ಅಲ್ಲಿ ಕೇಳಬೇಕಾದದ್ದು ವಾಹನ ಮುಂದೆ ಹೋಗುತ್ತದೆಯೇ ಎಂದಲ್ಲ, ನಿಲ್ಲುತ್ತದೆಯೇ ಎಂದು.

ನಿಲ್ಲುವ ಪ್ರಶ್ನೆಯಲ್ಲಿ ಭಾರ ಯಾವ ನೆರವನ್ನೂ ನೀಡುವುದಿಲ್ಲ ಎಂಬುದು ಭೌತಶಾಸ್ತ್ರದ ಸರಳ ಪಾಠವಾಗಿದ್ದರೂ ಜನರ ನಂಬಿಕೆ ಇದಕ್ಕೆ ವಿರುದ್ಧವಾಗಿದೆ. ಟೈರು ಮತ್ತು ನೆಲದ ನಡುವಿನ ಹಿಡಿತವನ್ನು ಘರ್ಷಣಾ ಗುಣಾಂಕವೆಂಬ ಅಂಕಿಯಿಂದ ಅಳೆಯುತ್ತಾರೆ. ಒಣ ಡಾಂಬರಿನ ಮೇಲೆ ಅದು 0.7ರ ಸುಮಾರಿಗಿದ್ದರೆ ಮಂಜುಗಡ್ಡೆಯ ಮೇಲೆ 0.1ಕ್ಕೆ ಇಳಿಯುತ್ತದೆ. ವಾಹನ ಭಾರವಾದಷ್ಟೂ ಹಿಡಿತ ಹೆಚ್ಚುತ್ತದೆ ನಿಜ, ಆದರೆ ತಡೆಯಬೇಕಾದ ರಭಸವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಎರಡೂ ಒಂದನ್ನೊಂದು ಕಳೆದು, ನಿಲ್ಲಲು ಬೇಕಾದ ದೂರದ ಲೆಕ್ಕದಲ್ಲಿ ತೂಕವೇ ಉಳಿಯುವುದಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ವಾಹನ, ಚಾಲಕ ಎಚ್ಚೆತ್ತು ಬ್ರೇಕು ಒತ್ತುವ ಕಾಲವನ್ನು ಬಿಟ್ಟು ಲೆಕ್ಕ ಹಾಕಿದರೂ, ಒಣ ರಸ್ತೆಯಲ್ಲಿ ಸುಮಾರು 14 ಮೀಟರಿನಲ್ಲಿ ನಿಂತರೆ ಮಂಜುಗಡ್ಡೆಯ ಮೇಲೆ ನೂರು ಮೀಟರಿನಷ್ಟು ಜಾರಿ ನಿಲ್ಲುತ್ತದೆ. ಎಲ್ಲ ಚಕ್ರಗಳಿಗೂ ಎಂಜಿನ್ನಿನ ಬಲವಿರುವುದು ಹೊರಡುವಾಗ ಉಪಕಾರಿಯೇ ಹೊರತು ನಿಲ್ಲುವಾಗಲ್ಲ, ಏಕೆಂದರೆ ಬ್ರೇಕುಗಳು ಸಾಮಾನ್ಯ ಕಾರಿನಲ್ಲೂ ಎಲ್ಲ ಚಕ್ರಗಳಿಗೂ ಇರುತ್ತವೆ. ಭಾರದ ಲೆಕ್ಕ ಬರುವುದು ಜಾರಿದ ವಾಹನ ಇನ್ನೊಂದಕ್ಕೆ ಬಡಿದಾಗ: ಒಂದೇ ವೇಗದಲ್ಲಿ 6 ಟನ್ನಿನ ಲಾರಿಯ ಚಲನಶಕ್ತಿ ಒಂದೂವರೆ ಟನ್ನಿನ ಕಾರಿನದಕ್ಕಿಂತ ನಾಲ್ಕು ಪಟ್ಟು. ಲಾರಿಯೊಳಗೆ ಕುಳಿತವರಿಗೆ ಸಿಗುವ ಧೈರ್ಯದ ಬೆಲೆಯನ್ನು ಎದುರು ಬರುವವರು ತೆರಬೇಕಾಗುತ್ತದೆ ಎಂಬ ಈ ಮಾತು ಕೊಳ್ಳುವವರ ಖರ್ಚಿನ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ.

ಹಿಡಿತ ನಿರ್ಧಾರವಾಗುವುದು ಬಹುಮಟ್ಟಿಗೆ ಟೈರಿನಿಂದ, ಎಂ35ರ ದೊಡ್ಡ ಕೊರತೆ ಇರುವುದೂ ಅಲ್ಲೇ. ಅದರ ಮೂಲ ಟೈರುಗಳು ಸೇನೆಯ ಹಳೆಯ ನಮೂನೆಯವು: ಯಾವ ದಿಕ್ಕಿಗೆ ಹಾಕಿದರೂ ನಡೆಯುವಂಥ ಪಟ್ಟಿಗಳು, ಬಹುಕಾಲ ಬಾಳುವ ಗಟ್ಟಿ ರಬ್ಬರು. ಆ ಗಟ್ಟಿತನವೇ ಚಳಿಯಲ್ಲಿ ದೋಷವಾಗುತ್ತದೆ. ಶೀತಕ್ಕೆ ಇನ್ನಷ್ಟು ಬಿರುಸಾಗುವ ರಬ್ಬರು ಮಂಜುಗಡ್ಡೆಯನ್ನು ಕಚ್ಚುವುದಿಲ್ಲ. ಚಳಿಗಾಲದ ಟೈರಿನಲ್ಲಿ ಕೊರೆಯುವ ಶೀತದಲ್ಲೂ ಮೆದುವಾಗಿಯೇ ಉಳಿಯುವ ರಬ್ಬರು, ಅಂಚುಗಳಿಂದ ಹಿಡಿಯುವ ನೂರಾರು ಸಣ್ಣ ಸೀಳುಗಳು ಇರುತ್ತವೆ. ಚಳಿಗಾಲಕ್ಕೆಂದೇ ಮಾಡಿದ ಮೊದಲ ಟೈರು 1934ರಲ್ಲಿ ಫಿನ್ಲೆಂಡಿನಲ್ಲಿ ಹೊರಬಂದದ್ದು ಲಾರಿಗಳಿಗಾಗಿಯೇ ಎಂಬುದು ಇಲ್ಲಿ ನೆನೆಯತಕ್ಕದ್ದು. ಭಾರವಾದ ವಾಹನಕ್ಕೆ ಭಾರವೇ ಸಾಕೆಂದು ಹಿಮದ ನಾಡಿನವರು ಅಂದೇ ನಂಬಿರಲಿಲ್ಲ. ಹತ್ತೂ ಟೈರುಗಳನ್ನು ಬದಲಿಸಲು ಹೊರಟರೆ ಅಗ್ಗದ ಲಾರಿ ಅಗ್ಗವಾಗಿ ಉಳಿಯುವುದಿಲ್ಲ.

ಬ್ರೇಕಿನ ವಿಷಯ ಇದಕ್ಕಿಂತ ಗಂಭೀರವಾದದ್ದು. ಎಂ35ರಲ್ಲಿ ಗಾಳಿಯ ಒತ್ತಡದ ನೆರವಿನಿಂದ ದ್ರವವನ್ನು ನೂಕಿ ಬ್ರೇಕು ಹಿಡಿಸುವ ಏರ್ಪಾಡಿದ್ದು, ಆರೂ ಕಡೆಯ ಬ್ರೇಕುಗಳಿಗೆ ದ್ರವ ಹೋಗುವುದು ಒಂದೇ ಮೂಲದಿಂದ. ಒಂದು ಕೊಳವೆ ಒಡೆದರೂ ಎಲ್ಲ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಅಮೆರಿಕದ ಕಾರುಗಳಲ್ಲಿ 1960ರ ದಶಕದ ಕೊನೆಯಿಂದ ಕಡ್ಡಾಯವಾದ ಎರಡು ಪ್ರತ್ಯೇಕ ಮಾರ್ಗಗಳ ಬ್ರೇಕು ಇದರಲ್ಲಿಲ್ಲ, ಏಕೆಂದರೆ ಸೇನೆಯ ಕರಾರಿನಂತೆ ತಯಾರಾಗಿ ನೇರವಾಗಿ ಸೇನೆಗೇ ಮಾರಾಟವಾದ ವಾಹನಗಳಿಗೆ ನಾಗರಿಕ ಸುರಕ್ಷತಾ ನಿಯಮಗಳು ಅನ್ವಯಿಸುವುದಿಲ್ಲ. ಇದರ ನಂತರ 1980ರ ದಶಕದಲ್ಲಿ ಬಂದ ಐದು ಟನ್ನಿನ ಎಂ939 ಸರಣಿಯ ಅನುಭವ ಇನ್ನೂ ಕಣ್ಣು ತೆರೆಸುವಂಥದ್ದು. ಸೇನೆಯ ಒಟ್ಟು ವಾಹನಗಳಲ್ಲಿ ಅದರ ಸಂಖ್ಯೆಗಿಂತ ಸಾವಿನ ಅಪಘಾತಗಳಲ್ಲಿ ಅದರ ಪಾಲು ಬಹಳ ಹೆಚ್ಚಾಗಿರುವುದನ್ನು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1999ರ ವರದಿಯಲ್ಲಿ ಎತ್ತಿ ತೋರಿಸಿತು. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕು ಒತ್ತಿದಾಗ ಚಕ್ರಗಳು ಹಿಡಿದುಕೊಂಡು ಲಾರಿ ಅಡ್ಡ ತಿರುಗುತ್ತಿತ್ತು. ಸೇನೆ ಅದರ ವೇಗಮಿತಿಯನ್ನು ತಗ್ಗಿಸಿ, ಚಕ್ರಗಳು ಹಿಡಿದುಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕನ್ನೂ ರೇಡಿಯಲ್ ಟೈರುಗಳನ್ನೂ ಅಳವಡಿಸಲು ಮುಂದಾಯಿತು. ತರಬೇತಿ ಪಡೆದ ಸೈನಿಕ ಚಾಲಕರಿಗೇ ಒದ್ದೆ ನೆಲದಲ್ಲಿ ಒಗ್ಗದ ವಾಹನವನ್ನು ಯಾವ ತರಬೇತಿಯೂ ಇಲ್ಲದವರು ಮಂಜುಗಡ್ಡೆಯ ಮೇಲೆ ಓಡಿಸುವುದನ್ನು ವ್ಯಾವಹಾರಿಕ ಆಯ್ಕೆಯೆಂದು ಕರೆಯುವುದು ಕಷ್ಟ.

ಉಳಿದ ತೊಂದರೆಗಳು ಸಣ್ಣವು, ಆದರೆ ಪ್ರತಿದಿನದವು. ಶೀತದಲ್ಲಿ ಡೀಸೆಲಿನೊಳಗಿನ ಮೇಣದ ಅಂಶ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ, ಬ್ಯಾಟರಿಯ ಬಲ ಕುಂದುತ್ತದೆ, ಎಂಜಿನ್ ಎಣ್ಣೆ ಮಂದವಾಗುತ್ತದೆ. ಲಾರಿಯ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದಾದ್ದರಿಂದ ನೆರೆಮನೆಯವರ ಕಾರಿನಿಂದ ತಂತಿ ಹಾಕಿ ಚಾಲೂ ಮಾಡುವ ಸುಲಭದ ದಾರಿಯೂ ಮುಚ್ಚಿಹೋಗುತ್ತದೆ. ಮನೆಯ ಗ್ಯಾರೇಜಿನ ಬಾಗಿಲಿಗಿಂತ ಎತ್ತರವಾದ ಲಾರಿ ರಾತ್ರಿಯೆಲ್ಲ ಬಯಲಲ್ಲೇ ನಿಲ್ಲಬೇಕು. ಚಾಲಕನ ಕೋಣೆಗೆ ಹಲವು ಲಾರಿಗಳಲ್ಲಿ ಕ್ಯಾನ್ವಾಸಿನ ಹೊದಿಕೆಯೇ ಮಾಡು, ಶಾಖ ಕೊಡುವ ಹೀಟರು ಬೇಕಾದರೆ ಕೂಡಿಸಿಕೊಳ್ಳುವ ಬಿಡಿ ಸಾಮಾನು. ಇವೆಲ್ಲಕ್ಕೂ ಪರಿಹಾರಗಳಿವೆ, ಹವ್ಯಾಸಿಗಳು ಅವನ್ನು ಸಂತೋಷದಿಂದಲೇ ಮಾಡಿಕೊಳ್ಳುತ್ತಾರೆ. ಆದರೆ ಬೆಳಗಿನ ಜಾವ ಆಸ್ಪತ್ರೆಯ ಪಾಳಿಗೆ ಹೊರಡಬೇಕಾದವರಿಗೆ ಆ ಸಂತೋಷಕ್ಕೆ ಬಿಡುವಿರುವುದಿಲ್ಲ.

ಹಾಗಾದರೆ ಇದೇ ಲಾರಿ ಸೇನೆಯಲ್ಲಿ ಅಷ್ಟು ನಂಬಿಕಸ್ತವಾಗಿ ದುಡಿದದ್ದು ಹೇಗೆ? ಸೇನೆಯಲ್ಲಿ ಲಾರಿ ಒಂಟಿಯಾಗಿರಲಿಲ್ಲ. ಹೊರಡುವ ಮುನ್ನ, ಓಡುತ್ತಿರುವಾಗ, ಮರಳಿದ ಮೇಲೆ ಮಾಡಬೇಕಾದ ತಪಾಸಣೆಯ ಪಟ್ಟಿ ಚಾಲಕನ ಕೈಯಲ್ಲಿರುತ್ತಿತ್ತು. ದುರಸ್ತಿಗೆಂದೇ ನೇಮಕವಾದ ಮೆಕ್ಯಾನಿಕ್‌ಗಳು, ಬಿಡಿಭಾಗಗಳ ಉಗ್ರಾಣ, ಕೆಟ್ಟು ನಿಂತದ್ದನ್ನು ಎಳೆದು ತರುವ ಇನ್ನೊಂದು ಲಾರಿ ಎಲ್ಲವೂ ಅದರ ಬೆನ್ನಿಗಿದ್ದವು. ಹರಾಜಿನಲ್ಲಿ ಮಾರಾಟವಾಗುವುದು ಕಬ್ಬಿಣ ಮಾತ್ರ. ಆ ಬೆನ್ನುಬಲ ಸೇನೆಯಲ್ಲೇ ಉಳಿದುಬಿಡುತ್ತದೆ.

ಇದಕ್ಕೆ ಪುರಾವೆ ಕರ್ನಾಟಕದಲ್ಲೂ ಸಿಗುತ್ತದೆ. ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಮಿಲಿಟರಿ ಡಿಸ್ಪೋಸಲ್ಲಿನ ಜೀಪುಗಳೂ ಅದೇ ಜಾತಿಯ ದೇಶೀ ಜೀಪುಗಳೂ ಹಲವು ದಶಕಗಳ ಕಾಲ ಮಳೆಗಾಲದ ಕೆಸರಿನಲ್ಲಿ ಯಶಸ್ವಿಯಾಗಿ ಓಡಿವೆ, ಈಗಲೂ ಓಡುತ್ತಿವೆ. ಜೀಪು ಸಣ್ಣದು, ಹಗುರ, ತೋಟದ ದಾರಿಗೆ ಹೊಂದುವಂಥದ್ದು ಎಂಬುದು ಇದಕ್ಕೆ ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ಸಕಲೇಶಪುರ, ಮೂಡಿಗೆರೆ, ಮಡಿಕೇರಿಯಂಥ ಊರುಗಳಲ್ಲಿ ಜೀಪಿನ ನರನಾಡಿ ಬಲ್ಲ ಮೇಸ್ತ್ರಿಗಳು ಬೆಳೆದುಬಂದದ್ದು, ಒಂದೇ ಮಾದರಿ ದೇಶದಲ್ಲೇ ತಯಾರಾಗುತ್ತಿದ್ದುದರಿಂದ ಬಿಡಿಭಾಗಕ್ಕೆ ಕೊರತೆಯಾಗದೆ ಹೋದದ್ದು. ಸೇನೆಯಲ್ಲಿದ್ದ ವ್ಯವಸ್ಥೆಯ ಸ್ಥಾನವನ್ನು ಅಲ್ಲಿ ಊರೇ ತುಂಬಿತು.

ಅಮೆರಿಕದಲ್ಲೂ ಸೇನೆಯ ಲಾರಿ ಸಾರ್ಥಕವಾಗಿರುವುದು ಅಂಥ ಕಡೆಗಳಲ್ಲಿಯೇ. ಅರಣ್ಯ ಸೇವಾ ಇಲಾಖೆಯ ಮೂಲಕ ಹಳ್ಳಿಗಳ ಅಗ್ನಿಶಾಮಕ ದಳಗಳಿಗೆ ಹೋಗುವ ಲಾರಿಗಳು ನೀರಿನ ತೊಟ್ಟಿ ಹೊತ್ತು ಕಾಡಿನ ಬೆಂಕಿಗೂ ಹಿಮದಲ್ಲಿ ಸಿಕ್ಕಿಕೊಂಡ ಮನೆಗಳಿಗೂ ತಲುಪುತ್ತವೆ. ಅಲ್ಲಿ ಬಿಸಿಯಾದ ಷೆಡ್ಡಿದೆ, ಹೊಣೆ ಹೊತ್ತ ಚಾಲಕರಿದ್ದಾರೆ. ಒಂದೆರಡು ಕಿಲೋಮೀಟರ್ ಖಾಸಗಿ ಹಾದಿಯ ಹಿಮವನ್ನು ತಾನೇ ನೂಕಿಕೊಳ್ಳಬೇಕಾದ, ಟ್ರಾಕ್ಟರು ಬಿಚ್ಚಿ ಕೂಡಿಸಿ ಗೊತ್ತಿರುವ ರೈತನೂ ಇದನ್ನು ಕೊಂಡು ನಷ್ಟಪಡಲಾರ. ಮುಂದೆ ಅಲಗು ಕಟ್ಟಿ, ಹಿಂದೆ ಮರಳು ತುಂಬಿ, ಚಕ್ರಕ್ಕೆ ಸರಪಣಿ ಸುತ್ತಿ, ನಿಧಾನವಾಗಿ ಓಡಿಸಿದಾಗ ಅದರ ಗುಣಗಳೆಲ್ಲ ಕೆಲಸಕ್ಕೆ ಬರುತ್ತವೆ, ದೋಷಗಳು ತೆರೆಮರೆಯಲ್ಲಿ ಉಳಿಯುತ್ತವೆ.

ಎಲ್ಲರೂ ಸಿಕ್ಕಿಹಾಕಿಕೊಂಡಾಗ ತಾನೊಬ್ಬ ಹೊರಗೆ ಹೋಗಬಲ್ಲೆನೆಂಬ ಭರವಸೆಗಾಗಿ ಈ ಲಾರಿಯನ್ನು ಕೊಳ್ಳುವವರೂ ಇದ್ದಾರೆ. ಆದರೆ ರಸ್ತೆ ಮುಚ್ಚಿದ ದಿನ ಅಂಗಡಿಯೂ ಕಚೇರಿಯೂ ಮುಚ್ಚಿರುತ್ತವೆ. ಒಬ್ಬನೇ ತಲುಪಿ ಪ್ರಯೋಜನವಿರುವ ಜಾಗಗಳು ಕಡಮೆ. ಹಾಗಾಗಿ ರಸ್ತೆಯ ಪಕ್ಕದಲ್ಲೇ ಮನೆಯಿರುವ ಸಾಮಾನ್ಯ ಕುಟುಂಬಕ್ಕೆ ಇರುವ ಕಾರಿಗೇ ನಾಲ್ಕು ಒಳ್ಳೆಯ ಚಳಿಗಾಲದ ಟೈರು ಹಾಕಿಸುವುದು ಸರಿಯಾದ ಆಯ್ಕೆ. ಅದನ್ನು ಮೀರಿ ಲಾರಿಯೇ ಬೇಕೆನ್ನುವವರು ಹರಾಜು ಕೂಗುವ ಮೊದಲು ಮೂರು ವಿಷಯಗಳನ್ನು ವಿಚಾರಿಸಿಕೊಳ್ಳಲಿ: ಅದನ್ನು ನಿಲ್ಲಿಸಲು ಚಾವಣಿಯಿರುವ ಜಾಗವೊಂದು ಇದೆಯೇ, ಅದರ ಬ್ರೇಕು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆಯೇ, ತಮ್ಮ ರಾಜ್ಯ ಅದನ್ನು ಸಾರ್ವಜನಿಕ ರಸ್ತೆಗೆ ನೋಂದಾಯಿಸಿಕೊಡುತ್ತದೆಯೇ. ಸೇನೆಯಿಂದ ಬರುವ ಹಲವು ವಾಹನಗಳ ದಾಖಲೆಯಲ್ಲಿ ರಸ್ತೆಯಾಚೆಯ ಬಳಕೆಗೆ ಮಾತ್ರ ಎಂಬ ಷರಾ ಇರುತ್ತದೆ.