ಭೂತಾಯಿಯ ಸೀಮಂತಕ್ಕೆ ಪೆಟ್ರೋಲಿನ ಸೀರೆ

ಕಳೆದ ಸೀಗೆ ಹುಣ್ಣಿಮೆಯಂದು ಕೊಂಡಜ್ಜಿ ಗುಡ್ಡದ ಬುಡದ ಹೊಲವೊಂದಕ್ಕೆ ನೆರೆಮನೆಯವರೊಡನೆ ಚರಗ ಚೆಲ್ಲಲು ಹೋಗಿದ್ದೆ. ಮೆಕ್ಕೆಜೋಳದ ತೆನೆ ಬಲಿತು ನಿಂತಿತ್ತು. ಫಲ ಹೊತ್ತ ಭೂಮಿಯನ್ನು ತುಂಬು ಬಸುರಿ ಎಂದು ಬಗೆದು, ಆಕೆಗೆ ಬಯಕೆಯೂಟ ಬಡಿಸುವ ಹಬ್ಬವಿದು. ಮಲೆನಾಡಿನವರು ಇದನ್ನೇ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಬುಟ್ಟಿ ಹೊತ್ತ ಹೆಂಗಸರೆಲ್ಲ ಹೊಸ ಸೀರೆ ಉಟ್ಟಿದ್ದರು. ಸೀಮಂತಕ್ಕೆ ತಕ್ಕಂತೆ ಹಸಿರು ಸೀರೆಗಳೇ ಹೆಚ್ಚು. ಬಿಸಿಲಿಗೆ ಅವು ಮಿರಮಿರನೆ ಮಿಂಚುತ್ತಿದ್ದವು. ಮುಟ್ಟಿ ನೋಡಿದಾಗ ತಿಳಿಯಿತು: ಬಹುಪಾಲು ಪಾಲಿಯೆಸ್ಟರ್. ನನ್ನ ಮೈಮೇಲಿದ್ದುದೂ ಅದೇ.

ಅದೇ ಹೊಲದ ಸುತ್ತ, ಕಾಡುಹಂದಿ ಬಾರದಿರಲೆಂದು ಹಳೆಯ ಸೀರೆಗಳನ್ನು ಬೇಲಿಯಾಗಿ ಕಟ್ಟಿದ್ದರು. ಒಂದು ಕಾಲದಲ್ಲಿ ಯಾವುದೋ ಮದುವೆಗೆ, ಯಾವುದೋ ಗೃಹಪ್ರವೇಶಕ್ಕೆ ಬಂದ ಸೀರೆಗಳು ಅವು. ಬಿಸಿಲಿಗೆ ಸೀಳಿ, ಎಳೆ ಎಳೆಯಾಗಿ ಮಣ್ಣಿಗೆ ಉದುರುತ್ತಿದ್ದವು. ಕರಗುತ್ತಿರಲಿಲ್ಲ. ಕರಗುವುದೂ ಇಲ್ಲ. ಭೂತಾಯಿಯ ಸೀಮಂತಕ್ಕೆ ಬಂದ ನಾವು, ಆಕೆ ಅರಗಿಸಿಕೊಳ್ಳಲಾರದ ಬಟ್ಟೆಯನ್ನುಟ್ಟು ಆಕೆಗೆ ಅನ್ನ ಬಡಿಸುತ್ತಿದ್ದೆವು!

ಯಾವ ಹಬ್ಬಕ್ಕೆ, ಯಾವ ಕಾಲಕ್ಕೆ ಯಾವ ಸೀರೆ ಎಂಬುದು ಹೆಂಗಸರ ಖಾಸಗಿ ಅಭಿರುಚಿಯ ಮಾತು, ಪರಿಸರ ಚಳವಳಿಗೆ ಅದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಾನೂ ಹೆಂಗಸು. ಹೆಂಗಸರ ಉಡುಪಿನ ಮೇಲೆ ಉಪದೇಶ ಬಿಗಿಯುವವರನ್ನು ಕಂಡರೆ ನನಗೂ ಆಗದು. ಆದರೆ ಈ ಆಯ್ಕೆ ನಿಜಕ್ಕೂ ನಮ್ಮದಾಗಿ ಉಳಿದಿದೆಯೇ? ನನ್ನ ವಾದವಿಷ್ಟೆ: ಹಬ್ಬವೂ ಋತುವೂ ಹೇಳುತ್ತಿದ್ದ ಮಾತನ್ನು ಈಗ ಅಂಗಡಿ ಹೇಳುತ್ತಿದೆ. ಆ ಮಾತಿಗೆ ತಲೆಯಾಡಿಸಿದಷ್ಟೂ ನಾವು ನಮ್ಮ ಹೊಲ, ಗುಡ್ಡ, ನದಿಗಳನ್ನು ಕಳೆದುಕೊಳ್ಳುತ್ತಿದ್ದೇವೆ.

ಹಿಂದೆ ನಮ್ಮ ಹಿರಿಯರ ಪೆಟ್ಟಿಗೆಯಲ್ಲಿ ಇದ್ದುದೇ ನಾಲ್ಕೈದು ಸೀರೆ. ಬೇಸಿಗೆಗೆ ತೆಳು ಹತ್ತಿ. ಹಬ್ಬ ಹುಣ್ಣಿಮೆಗೆ ಹತ್ತಿಯ ಮೈ, ರೇಷ್ಮೆಯ ಸೆರಗಿನ ಇಳಕಲ್ಲ ಸೀರೆ, ಅದಕ್ಕೊಂದು ಗುಳೇದಗುಡ್ಡದ ಖಣದ ಕುಪ್ಪಸ. ಮದುವೆಯದೆಂದು ಜತನದಿಂದಿಟ್ಟ ಒಂದು ಮೊಳಕಾಲ್ಮೂರು ರೇಷ್ಮೆ. ಬಡವರಿಗೆ ಅದೂ ಇಲ್ಲ. ಅಂದಿನ ಬಡತನವನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಹತ್ತಿಯ ಸೀರೆಗೆ ಒಂದು ಪೂರ್ಣ ಆಯುಷ್ಯವಿತ್ತು. ಹಬ್ಬಕ್ಕೆ ಉಟ್ಟದ್ದು ಬಣ್ಣಗೆಟ್ಟ ಮೇಲೆ ಹೊಲದ ಕೆಲಸಕ್ಕೆ; ಸವೆದ ಮೇಲೆ ಮಗುವಿನ ಜೋಳಿಗೆಗೆ, ಬಾಣಂತಿಯ ಬಟ್ಟೆಗೆ; ಚಳಿಗಾಲಕ್ಕೆ ಕೌದಿಗೆ; ಕೊನೆಗೆ ನೆಲ ಒರೆಸಿ ತಿಪ್ಪೆಗೆ. ತಿಪ್ಪೆಯಿಂದ ಮತ್ತೆ ಹೊಲಕ್ಕೆ. ಪಾಲಿಯೆಸ್ಟರಿನ ಪಯಣ ಬೇಲಿಯಲ್ಲಿಯೇ ನಿಲ್ಲುತ್ತದೆ.

ಇನ್ನು ಋತುವಿನ ಮಾತು. ನೂಲು ಗಾಳಿಯಿಂದ ಎಷ್ಟು ತೇವ ಹೀರಿಕೊಳ್ಳಬಲ್ಲದು ಎಂಬುದಕ್ಕೆ ವಿಜ್ಞಾನದಲ್ಲೊಂದು ಅಳತೆಯಿದೆ. ಹತ್ತಿ ತನ್ನ ತೂಕದ ಶೇ. 8ರಷ್ಟು, ರೇಷ್ಮೆ ಶೇ. 11ರಷ್ಟು ತೇವ ಹಿಡಿಯುತ್ತವೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4 ಮಾತ್ರ. ಅಂದರೆ ಮೇ ತಿಂಗಳ ಸೆಕೆಯಲ್ಲಿ, ಕಲ್ಯಾಣಮಂಟಪದ ಜನಜಂಗುಳಿಯಲ್ಲಿ, ಒಲೆಯ ಮುಂದೆ, ಬೆವರು ಮೈಗೂ ಬಟ್ಟೆಗೂ ನಡುವೆ ನಿಂತುಬಿಡುತ್ತದೆ. ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ನಿಜ. ಆದರೆ ಅದು ಕರಗಿ ಅಂಟಿಕೊಳ್ಳುವುದಿಲ್ಲ. ಇಂಥ ಬಟ್ಟೆಯನ್ನೇ ‘ಸಮ್ಮರ್ ಕಲೆಕ್ಷನ್’ ಎಂದು ಹೆಸರಿಟ್ಟು ಮಾರುವ ಧೈರ್ಯ ವ್ಯಾಪಾರಿಗಲ್ಲದೆ ಇನ್ನಾರಿಗೆ ಬಂದೀತು?

ಹಾಗಾದರೆ ಪಾಲಿಯೆಸ್ಟರ್ ಬೇಡ, ‘ಆರ್ಟ್ ಸಿಲ್ಕ್’ ಉಡೋಣ, ಅದು ಮರದಿಂದ ಬಂದದ್ದಲ್ಲವೆ ಎನ್ನುವವರಿದ್ದಾರೆ. ಗುಡ್ಡದ ಜನ ಇಲ್ಲಿ ಕಿವಿಗೊಟ್ಟು ಕೇಳಬೇಕು. ರೇಯಾನ್ ಎಂಬ ಕೃತಕ ರೇಷ್ಮೆ ಮರದಿಂದ ಬಂದದ್ದು ನಿಜ. ಆದರೆ ಯಾವ ಮರ? ಯಾರ ನೆಲದ ಮರ? ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ರೇಯಾನಿನ ಕಾರ್ಖಾನೆ ಎದ್ದಿತು. ಮರವನ್ನು ತಿರುಳಾಗಿಸಿ, ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್, ಗಂಧಕಾಮ್ಲಗಳಲ್ಲಿ ಹಾಯಿಸಿ ನೂಲೆಳೆಯುವುದು ಇದರ ವಿಧಾನ. ತುಂಗಭದ್ರೆಯ ನೀರು ಕೆಟ್ಟಿತೆಂದು ನದಿದಡದ ಜನ 1980ರ ದಶಕದಲ್ಲಿ ಎದ್ದು ನಿಂತರು. 1984ರಲ್ಲಿ ಸರ್ಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಹೊರಟವು. ಅದು ದನ ಮೇಯುತ್ತಿದ್ದ, ಹೆಂಗಸರು ಸೌದೆ ಆಯುತ್ತಿದ್ದ ನೆಲ. ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಹಣ್ಣು ಮೇವಿನ ಗಿಡ ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. 1991ರಲ್ಲಿ ಆ ಕಂಪನಿ ಮುಚ್ಚಿತು.

ಕಾಲೇಜಿನ ಮಕ್ಕಳೆ, ಈ ಚರಿತ್ರೆ ನಿಮ್ಮ ಪಠ್ಯದಲ್ಲಿ ಇರಲಿಕ್ಕಿಲ್ಲ. ಆದರೆ ಅದರ ಒಂದು ಎಳೆ ನಿಮ್ಮ ದುಪಟ್ಟಾದಲ್ಲಿ, ಕುರ್ತಾದಲ್ಲಿ ಇದ್ದೀತು. ಇಳಕಲ್ಲ ಸೀರೆಯ ಮಗ್ಗಕ್ಕೂ ರೇಷ್ಮೆಯ ಜಾಗದಲ್ಲಿ ‘ಚಮಕಾ’ ಎಂಬ ಹೆಸರಿನಲ್ಲಿ ಇದೇ ಕೃತಕ ರೇಷ್ಮೆ ಬಂದಿದೆ. ಅದು ಮೈಗೆ ತಂಪು, ಬೆವರೂ ಹೀರೀತು, ಸುಳ್ಳಲ್ಲ. ಮಳೆಯಲ್ಲಿ ನೆನೆದರೆ ಮಾತ್ರ ನೂಲಿನ ಬಲ ಬಹಳ ಕುಗ್ಗುತ್ತದೆ. ಹಿಂಡಿ ಒಗೆಯುವ ನಮ್ಮ ಪದ್ಧತಿಗೆ ಬಾಳದು.

ಹತ್ತಿ ಮಾತ್ರ ಪುಣ್ಯವಂತೆಯೆ? ಅಲ್ಲ. ಇಲ್ಲಿ ನಮ್ಮ ವೃತ್ತಿಯವರ ತಪ್ಪನ್ನೂ ಹೇಳಬೇಕು. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿತ್ತು. ಗಿರಣಿಗೆ ಉದ್ದನೆಯ ಎಳೆ ಬೇಕಿತ್ತು. ಜಯಧರದಂಥ ನಾಡಹತ್ತಿಯ ಎಳೆ ಗಿಡ್ಡ. ಅದು ಮಳೆಯನ್ನೇ ನಂಬಿ ಕಪ್ಪು ನೆಲದಲ್ಲಿ ಬೆಳೆಯುವ, ರೋಗ ಕೀಟಗಳನ್ನು ತಾಳಿಕೊಳ್ಳುವ ತಳಿ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಸಂಕರ ತಳಿ ಬಂತು. ನಾವು ಇಳುವರಿಯನ್ನು ಕೊಂಡಾಡಿದೆವು. ಬೆನ್ನಿಗೇ ಬಂದ ಕೀಟನಾಶಕದ ಲೆಕ್ಕವನ್ನು ರೈತನ ತಲೆಗೆ ಕಟ್ಟಿದೆವು. 2002ರಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕಿತು, ಬೀಜವೂ ಕೈತಪ್ಪಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜಿಲ್ಲೆಯ ಹೊಲಗಳನ್ನು ಮೆಕ್ಕೆಜೋಳ ಆಕ್ರಮಿಸಿತು. ಹತ್ತಿಯ ಊರಿನ ಕೂಲಿ ಹೆಂಗಸು ಇಂದು ಹತ್ತಿಯ ಸೀರೆ ಕೊಳ್ಳಲಾರಳು. ಬಡವರ ಬಟ್ಟೆಯಾಗಿದ್ದ ಹತ್ತಿ ಉಳ್ಳವರ ಷೋಕಿಯಾಯಿತು. ಪಾಲಿಯೆಸ್ಟರ್ ಬಡವರ ಪಾಲಾಯಿತು. ನಮ್ಮ ಕಾಲದ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು.

ಆದ್ದರಿಂದ ನಾಟಿಯ ಗದ್ದೆಗೆ ಇಳಿಯುವ, ಸೀರೆಯ ಮೇಲೆ ಗಂಡಸಿನ ತುಂಬುತೋಳಿನ ಅಂಗಿ ತೊಟ್ಟು ಕಳೆ ಕೀಳುವ ಅಕ್ಕತಂಗಿಯರನ್ನು ನಾನು ದೂರುತ್ತಿಲ್ಲ. ಅಗ್ಗ, ಮಳೆಯಲ್ಲಿ ಬೇಗ ಒಣಗುತ್ತದೆ, ಇಸ್ತ್ರಿ ಬೇಡ ಎಂಬ ಅವರ ಲೆಕ್ಕ ಸರಿಯಾಗಿಯೇ ಇದೆ. ನನ್ನ ಜಗಳವಿರುವುದು ಉಡುವ ಸೀರೆಯೊಡನೆ ಅಲ್ಲ, ಕೊಡುವ ಸೀರೆಯೊಡನೆ. ಅಂಗಡಿಗೆ ಹೋದರೆ ಮೊದಲ ಪ್ರಶ್ನೆಯೇ ‘ಉಡೋದಕ್ಕೋ, ಕೊಡೋದಕ್ಕೋ?’ ಎಂಬುದಲ್ಲವೆ? ಮುಯ್ಯಿಗೆಂದು ಕಟ್ಟುಗಟ್ಟಲೆ ತರುವ ಆ ಸೀರೆಯನ್ನು ಕೊಟ್ಟವಳೂ ಉಡಳು, ಪಡೆದವಳೂ ಉಡಳು. ಮದುವೆಯಿಂದ ಸೀಮಂತಕ್ಕೆ, ಸೀಮಂತದಿಂದ ದುಗ್ಗಮ್ಮನ ಜಾತ್ರೆಯ ಉಡಿಗೆ ಅಲೆದಲೆದು ಕೊನೆಗೆ ಹಂದಿಬೇಲಿ ಸೇರುತ್ತದೆ. ಯಾರ ಮೈಯನ್ನೂ ಮುಚ್ಚದ ಈ ಬಟ್ಟೆಗಾಗಿ ಎಷ್ಟು ಮನೆಗಳು ಸಾಲ ಮಾಡಿಲ್ಲ! ಇತ್ತೀಚೆಗೆ ಇದಕ್ಕೆ ಇನ್ನೊಂದು ಪೀಡೆ ಕೂಡಿದೆ: ಹಳದಿಶಾಸ್ತ್ರಕ್ಕೆ ಎಲ್ಲರಿಗೂ ಒಂದೇ ಬಣ್ಣ, ಆರತಕ್ಷತೆಗೆ ಬೇರೆ ಬಣ್ಣ. ಒಮ್ಮೆ ಫೋಟೋಕ್ಕೆ ನಿಂತ ಸೀರೆ ಮತ್ತೆ ಹೊರಬರುವಂತಿಲ್ಲ.

ಗಂಡಸರು ಇದನ್ನೋದಿ ಮುಗುಳ್ನಗಬೇಕಿಲ್ಲ. ಟೆರಿಲಿನ್ ಷರ್ಟು ಮೊದಲು ಹೊಕ್ಕದ್ದು ಅವರ ಪೆಟ್ಟಿಗೆಯನ್ನೇ.

ಮಾಡಬೇಕಾದದ್ದೇನು? ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದನ್ನು ಯಾವ ಕಾಲದಲ್ಲಿ ಉಡುತ್ತೇನೆ? ಎಷ್ಟು ಸಲ ಉಡುತ್ತೇನೆ? ಹರಿದ ಮೇಲೆ ಎಲ್ಲಿಗೆ ಹಾಕುತ್ತೇನೆ? ಅಂಗಡಿಯ ಮಾತು ನಂಬದೆ ಅಂಚಿನ ಒಂದೆಳೆ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿಯಾದರೆ ಹತ್ತಿ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ‘ಶುದ್ಧ ರೇಷ್ಮೆ’ ಎಂದು ನಾನೇ ಕೊಂಡು ತಂದ ಸೀರೆಯ ಎಳೆಯೊಂದು ಹೀಗೆ ಮಣಿಯಾದುದನ್ನು ಕಂಡ ಮೇಲೆ ಈ ಪಾಠ ಕಲಿತೆ. ಮುಯ್ಯಿಗೆ ಸೀರೆಯ ಬದಲು ಒಂದು ಖಣವನ್ನೋ, ಕೈಮಗ್ಗದ ಟವೆಲನ್ನೋ ಕೊಡೋಣ. ಹಬ್ಬಕ್ಕೆ ಅಕ್ಕನ ಸೀರೆ ತಂಗಿ, ಅತ್ತೆಯ ಸೀರೆ ಸೊಸೆ ಉಟ್ಟರೆ ಹಬ್ಬದ ಕಳೆ ಕುಂದದು.

ಆದರೆ ಭಾರವನ್ನೆಲ್ಲ ಹೆಂಗಸರ ಮೇಲೆ ಹೊರಿಸಿ ಸರ್ಕಾರ ಜಾರಿಕೊಳ್ಳುವಂತಿಲ್ಲ. ಬಿಸಿಲಲ್ಲಿ ಮನೆಮನೆ ಸುತ್ತುವ ಅಂಗನವಾಡಿ, ಆಶಾ ಕಾರ್ಯಕರ್ತೆಯರ ಸಮವಸ್ತ್ರದ ಸೀರೆ ಕೈಮಗ್ಗದ ಹತ್ತಿಯದೇ ಆಗಬೇಕು. ಕೈಮಗ್ಗಕ್ಕೆ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾನೂನು ಕಾಗದದಲ್ಲಿ ಮಲಗದೆ ಜಾರಿಯಾಗಬೇಕು. ನಾಡಹತ್ತಿಯ ಬೀಜ ಒಣಬೇಸಾಯದ ರೈತರ ಕೈಗೆ ಮರಳಬೇಕು. ಆ ಗಿಡ್ಡ ಎಳೆಗೆ ತಕ್ಕ ನೂಲುವ ಯಂತ್ರ ಬರಬೇಕು. ಸಾಗರದ ಬಳಿಯ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಂಗಸರು ಅಡಿಕೆಯ ಚೊಗರಿನಿಂದ ಬಣ್ಣ ಕಟ್ಟಿ ಹತ್ತಿ ಬಟ್ಟೆ ನೇಯ್ದು ಬದುಕಿ ತೋರಿಸಿದ್ದಾರೆ. ಅಡಿಕೆ ನಮ್ಮಲ್ಲಿಯೂ ಇದೆ. ಇಲ್ಲದ್ದು ಮನಸ್ಸು.

ಮುಂದಿನ ಸೀಗೆ ಹುಣ್ಣಿಮೆಗೆ ನಾನು ಹೊಸ ಸೀರೆ ಕೊಳ್ಳುವುದಿಲ್ಲ. ಅವ್ವನ ಹಳೆಯ ಇಳಕಲ್ಲ ಸೀರೆಯನ್ನು ಬಿಸಿಲಿಗೆ ಹಾಕಿಟ್ಟಿದ್ದೇನೆ. ಬಣ್ಣ ಮಾಸಿದೆ, ಮಿಂಚುವುದಿಲ್ಲ. ಆದರೆ ಅದನ್ನುಟ್ಟು ಹೊಲಕ್ಕಿಳಿದಾಗ ಬಸುರಿ ತಾಯಿಯ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ನೀವೂ ನಿಮ್ಮ ಪೆಟ್ಟಿಗೆ ತೆರೆದು ನೋಡಿ.